ಪವರ್ ವಿಂಡೋ ನಿಧಾನ ಆಯ್ತು ಅಂತ ಮೋಟರ್ ಬದಲಿಸಲು ಹೊರಟವರು ಇದನ್ನು ಓದಿ

ಕಾರಿನ ಗ್ಲಾಸ್ ಮೇಲೆ ಹೋಗುವಾಗ ಎಳೆದಾಡುತ್ತಿದೆಯಾ? ಅಂಗಡಿಯವನು ಡೋರ್ ಬಿಚ್ಚದೆ, ಬರೀ ಸ್ವಿಚ್ ಒತ್ತಿ ನೋಡಿ "ಮೋಟರ್ ಹೋಗಿದೆ ಸರ್" ಅಂದನಾ? ಗಾಡಿ ಸ್ಟಾರ್ಟ್ ಮಾಡಿ ಅಲ್ಲಿಂದ ಹೊರಡಿ. ನನ್ನ ಹತ್ತಿರ 7,500 ರೂಪಾಯಿ ತೆಗೆದುಕೊಂಡು ಹೊಸ ಮೋಟರ್ ಹಾಕಿದ್ದೇವೆ ಅಂದರು. ಹಾಕಿರಲಿಲ್ಲ. ಹಳೇ ಮೋಟರ್ ಹಾಕಿದ್ದರೂ ಒಂದು ಮಾತು. ಏನೂ ಹಾಕಿರಲಿಲ್ಲ!

ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಹಿಂದೆ ಮುಂದೆ ಆದರೆ ಸಹಿಸಿಕೊಳ್ಳಿ.

ನನ್ನದು 2016ರ ಹ್ಯಾಚ್‌ಬ್ಯಾಕ್. ಬೆಂಗಳೂರಿನಲ್ಲಿ ಮೆಟ್ರೋ ಕೆಲಸ ನಡೆಯುವ ರಸ್ತೆಯಲ್ಲೇ ದಿನಾ ಓಡಾಟ, ಧೂಳಿನ ಬಗ್ಗೆ ಹೇಳಬೇಕಾಗಿಲ್ಲ ಅಲ್ವಾ. ಡ್ರೈವರ್ ಕಡೆ ಗ್ಲಾಸ್ ಇಳಿಯುವಾಗ ಸರಿಯಾಗಿ ಇಳಿಯುತ್ತಿತ್ತು. ಏರುವಾಗ ಕಿರ್ ಅಂತ ಸದ್ದು ಮಾಡಿ, ಮುಕ್ಕಾಲು ಭಾಗ ಹೋಗಿ ನಿಂತುಬಿಡುತ್ತಿತ್ತು. ಮಧ್ಯಾಹ್ನದ ಬಿಸಿಲಿಗೆ ಇನ್ನೂ ಜಾಸ್ತಿ. ಸ್ವಲ್ಪ ಹೊತ್ತು ಬಿಟ್ಟು ಒತ್ತಿದರೆ ಮತ್ತೆ ಹೋಗುತ್ತಿತ್ತು. ಮಾಲ್ ಪಾರ್ಕಿಂಗಿನಲ್ಲಿ ಟೋಕನ್ ತೆಗೆದುಕೊಂಡ ಮೇಲೆ ಒಂದು ಕೈಯಲ್ಲಿ ಗ್ಲಾಸ್ ಮೇಲೆ ಎಳೆಯುತ್ತಾ ಇನ್ನೊಂದು ಕೈಯಲ್ಲಿ ಸ್ವಿಚ್ ಒತ್ತುವುದು, ಹಿಂದಿನವರು ಹಾರ್ನ್ ಹೊಡೆಯುವುದು. ಅನುಭವಿಸಿದವರಿಗೆ ಗೊತ್ತು.

ಮನೆ ಹತ್ತಿರದ ರಿಂಗ್ ರೋಡಿನಲ್ಲಿ ಒಂದು ಕಾರ್ ಎಲೆಕ್ಟ್ರಿಕಲ್ ಅಂಗಡಿ ಇದೆ. ಹೆಸರು ಹಾಕುತ್ತಿಲ್ಲ, ದೂರು ಇನ್ನೂ ಮುಗಿದಿಲ್ಲ. ಹುಡುಗ ಬಂದ, ಸ್ವಿಚ್ ಒತ್ತಿದ, ಡೋರಿಗೆ ಕಿವಿ ಇಟ್ಟ. "ಮೋಟರ್ ವೀಕ್ ಆಗಿದೆ." ಅಷ್ಟೇ ಪರೀಕ್ಷೆ. ಎಂಜಿನ್ ಕೂಡ ಆನ್ ಮಾಡಲಿಲ್ಲ. ಎಂಜಿನ್ ಆಫ್ ಇದ್ದಾಗ ಬ್ಯಾಟರಿ ಕೊಡುವುದು ಹನ್ನೆರಡೂವರೆ ವೋಲ್ಟ್ ಹತ್ತಿರ, ಆನ್ ಇದ್ದರೆ ಆಲ್ಟರ್ನೇಟರ್‌ನಿಂದ 14ರ ಆಸುಪಾಸು ಸಿಗುತ್ತದೆ. ಆಫ್ ಮಾಡಿ ಒತ್ತಿದರೆ ಒಳ್ಳೆ ಗ್ಲಾಸೂ ಸ್ವಲ್ಪ ನಿಧಾನವೇ ಹೋಗುತ್ತದೆ.

ಓನರ್ ಬಂದರು. ತುಂಬಾ ಮರ್ಯಾದೆಯಿಂದ ಮಾತಾಡಿದರು, ಅದನ್ನು ನೆನೆಸಿಕೊಂಡರೆ ಈಗ ಇನ್ನೂ ಉರಿಯುತ್ತದೆ. "ಬರೀ ಮೋಟರ್ ಬರಲ್ಲ ಸರ್, ವಿಂಡೋ ಮಷಿನ್ ಜೊತೆ ಸೆಟ್ಟೇ ಬರತ್ತೆ. ಕಂಪನಿಯಲ್ಲಿ ಹತ್ತು ದಾಟತ್ತೆ. ನಿಮಗೆ ಅಂತ ಏಳೂವರೆಗೆ ಮಾಡ್ಕೊಡ್ತೀನಿ." ಜೊತೆಗೆ ಒಂದು ಉಪದೇಶ: "ಒಂದು ಸೈಡ್ ಹೋದ್ರೆ ಇನ್ನೊಂದೂ ಹೋಗತ್ತೆ. ಎರಡೂ ಒಟ್ಟಿಗೆ ಹಾಕಿಸ್ಬಿಡಿ." ಪುಣ್ಯಕ್ಕೆ ಅದಕ್ಕೆ ಒಪ್ಪಲಿಲ್ಲ. ಬಿಲ್ ಕೇಳಿದೆ. "ಜಿಎಸ್‌ಟಿ ಬಿಲ್ ಬೇಕಾದ್ರೆ 18 ಪರ್ಸೆಂಟ್ ಸೇರತ್ತೆ ಸರ್, ಸುಮ್ನೆ ಯಾಕೆ?" ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಈ ಡೈಲಾಗ್ ಕೇಳದವರು ಯಾರಿದ್ದಾರೆ ಹೇಳಿ.

ಸಂಜೆ ಹೋದಾಗ ಗ್ಲಾಸ್ ಸರ್ ಅಂತ ಏರಿತು. ಹುಡುಗ ಟ್ರೇಯಿಂದ ಒಂದು ಕೊಳಕು ಮೋಟರ್ ಎತ್ತಿ ತೋರಿಸಿದ. "ನಿಮ್ದೇ ಸರ್ ಇದು. ಕಾರ್ಬನ್ ಎಲ್ಲ ಸವೆದುಹೋಗಿದೆ ನೋಡಿ." ಒಂದು ಫೋಟೋ ತೆಗೆದು ಭಾವನಿಗೆ ಕಳಿಸಿದೆ. ಮನೆಗೆ ಕೊಡಿ ಅಂದಿದ್ದಕ್ಕೆ "ಸ್ಕ್ರ್ಯಾಪ್ ಲೆಕ್ಕ ಸರ್, ಅದನ್ನ ಕಳೆದೇ ನಿಮಗೆ ರೇಟ್ ಹೇಳಿದ್ದು" ಅಂದರು. ಫೋನ್ ಪೇನಲ್ಲಿ ದುಡ್ಡು ಹಾಕಿ ಬಂದೆ.

ಕೆಲವು ವಾರ ಚೆನ್ನಾಗಿತ್ತು. ಆಮೇಲೆ ನಿಧಾನ ಶುರುವಾಯಿತು. ಈ ಸಲ ಮೊದಲಿಗಿಂತ ಕೆಟ್ಟದಾಗಿ. ಡೋರಿನ ಒಳಗೆ ಕಟಕಟ ಸದ್ದು ಬೇರೆ. ಒಂದು ಮಳೆ ಬಂದು ಹೋದ ಮೇಲೆ ನೋಡಿದರೆ ಕಾಲಿಡುವ ಮ್ಯಾಟ್ ನೀರು. ಗ್ಲಾಸ್ ಪೂರ್ತಿ ಮುಚ್ಚಿತ್ತು, ಆದರೂ ನೀರು! ಫೋನ್ ಮಾಡಿದೆ. "ಮಳೆ ನೀರಿಗೆ ನಾವೇನು ಮಾಡೋಕಾಗತ್ತೆ ಸರ್?" ಮೋಟರ್ ಮತ್ತೆ ನಿಧಾನ ಆಗಿದೆ ಅಂದೆ. "ಎಲೆಕ್ಟ್ರಿಕಲ್ ಐಟಂಗೆ ಗ್ಯಾರಂಟಿ ಬರಲ್ಲ ಸರ್."

ಅಷ್ಟರಲ್ಲಿ ತುಮಕೂರಿಗೆ ಹೋಗಬೇಕಿತ್ತು, ಭಾವನ ಮನೆಗೆ. ಅವರಿಗೆ ಪರಿಚಯದ ಒಬ್ಬ ಎಲೆಕ್ಟ್ರಿಷಿಯನ್ ಮರದ ಕೆಳಗೆ ಅಂಗಡಿ ಇಟ್ಟುಕೊಂಡಿದ್ದಾರೆ. ವಯಸ್ಸಾದವರು, ಮಾತು ಕಮ್ಮಿ. ಅವರು ಮೊದಲು ಮಾಡಿದ್ದು ನಾಲ್ಕೂ ಗ್ಲಾಸ್ ಒಂದೊಂದಾಗಿ ಏರಿಸಿ ಇಳಿಸಿ ನೋಡಿದ್ದು. ಆಮೇಲೆ ಡೋರ್ ಪ್ಯಾಡ್ ಬಿಚ್ಚಿದರು. ಅರ್ಧ ಕ್ಲಿಪ್ ಇರಲೇ ಇಲ್ಲ, ಕಟಕಟ ಸದ್ದು ಅಲ್ಲಿಂದ. ಪ್ಯಾಡಿನ ಹಿಂದೆ ಡೋರಿಗೆ ಅಂಟಿಸಿರುವ ಪ್ಲಾಸ್ಟಿಕ್ ಹಾಳೆ ಇರುತ್ತದಲ್ಲ, ಅದನ್ನು ಹರಿದು ಹಾಗೇ ನೇತಾಡಲು ಬಿಟ್ಟಿದ್ದರು. ಗ್ಲಾಸಿನ ಪಕ್ಕದಿಂದ ಡೋರಿನ ಒಳಗೆ ನೀರು ಇಳಿಯುವುದು ಮಾಮೂಲಿ, ಕೆಳಗಿನ ತೂತಿನಿಂದ ಆಚೆ ಹೋಗುತ್ತದೆ. ಅದು ಕ್ಯಾಬಿನ್ ಒಳಗೆ ಬರದ ಹಾಗೆ ತಡೆಯುವುದೇ ಆ ಹಾಳೆ. ಮ್ಯಾಟ್ ಯಾಕೆ ನೆನೆಯಿತು ಅಂತ ಆಗ ಗೊತ್ತಾಯಿತು.

"ಹೊಸ ಮೋಟರ್ ಅಂದ್ರಲ್ಲ, ಎಲ್ಲಿ?" ಅಂತ ಕೇಳಿದರು.

ಒಳಗೆ ಇದೆಯಲ್ಲ ಅಂದೆ. ಅವರು ಟಾರ್ಚ್ ಹಿಡಿದು ನನ್ನನ್ನು ಬಗ್ಗಿಸಿ ತೋರಿಸಿದರು. ಮೋಟರಿನ ಬೋಲ್ಟ್‌ಗಳ ಮೇಲೆ ಹಳದಿ ಪೇಂಟಿನ ಗೆರೆ. ಫ್ಯಾಕ್ಟರಿಯಲ್ಲಿ ಬಿಗಿ ಮಾಡಿದ ಮೇಲೆ ಹಾಕುವ ಗುರುತು, ಬೋಲ್ಟಿನ ಮೇಲಿಂದ ಪಕ್ಕದ ತಗಡಿನವರೆಗೆ ಒಂದೇ ಗೆರೆ. ಸ್ಪ್ಯಾನರ್ ಹಾಕಿ ಒಂದು ಸುತ್ತು ತಿರುಗಿಸಿದ್ದರೂ ಆ ಗೆರೆ ಒಡೆಯಬೇಕು. ಒಡೆದಿರಲಿಲ್ಲ. ಮೋಟರ್ ಮೇಲಿನ ಸ್ಟಿಕ್ಕರಿನಲ್ಲಿ 2016 ಅಂತಲೇ ಇತ್ತು. "ಗಾಡಿ ಜೊತೆ ಬಂದಿದ್ದು ಇದು. ಯಾರೂ ಮುಟ್ಟಿಲ್ಲ." ಭಾವ ಪಕ್ಕದಲ್ಲೇ ನಿಂತಿದ್ದರು. ಅವರು ನಕ್ಕಿದ್ದರೆ ಪರವಾಗಿರಲಿಲ್ಲ, ಏನೂ ಹೇಳದೆ ಆ ಕಡೆ ತಿರುಗಿದರು. ನಾನು ಕಾರಿನ ಇನ್ನೊಂದು ಬದಿಗೆ ಹೋಗಿ ನಿಂತೆ.

ಹಾಗಾದರೆ ಅಂಗಡಿಯಲ್ಲಿ ತೋರಿಸಿದ ಮೋಟರ್ ಯಾರದ್ದು? ಆವತ್ತು ಭಾವನಿಗೆ ಕಳಿಸಿದ್ದ ಫೋಟೋ ಜೂಮ್ ಮಾಡಿದೆವು. ಅದರ ಮೈಮೇಲೆ ಎಲ್.ಎಚ್. ಅಂತ ಇದೆ. ಎಡಗಡೆ ಡೋರಿನದು! ನನ್ನ ಡ್ರೈವರ್ ಸೀಟ್ ಇರುವುದು ಬಲಗಡೆ. ಯಾವುದೋ ಬೇರೆ ಕಾರಿನ ಎಡಗಡೆ ಮೋಟರ್ ಹಿಡಿದು "ನಿಮ್ದೇ ಸರ್" ಅಂದಿದ್ದಾರೆ. ಬರುವವರಿಗೆಲ್ಲ ಅದನ್ನೇ ತೋರಿಸುತ್ತಾರೋ ಏನೋ.

ಮತ್ತೆ ಆವತ್ತು ಸರ್ ಅಂತ ಏರಿದ್ದು ಹೇಗೆ? ಗ್ಲಾಸ್ ಜಾರುವ ರಬ್ಬರ್ ಬೀಡಿಂಗ್ ಒಳಗೆ ಎಂಥದ್ದೋ ಎಣ್ಣೆ ಸುರಿದಿದ್ದರು. ಬಿಲ್ ಕೊಡುವ ಹೊತ್ತಿಗೆ ಗ್ಲಾಸ್ ಜಾರಿದರೆ ಸಾಕಲ್ಲ. ಆಮೇಲೆ ಎಣ್ಣೆಗೆ ಧೂಳು ಹತ್ತಿ, ಬೀಡಿಂಗ್ ಎಳೆದಾಗ ಒಳಗಿಂದ ಕಪ್ಪು ಹಲ್ವಾ ಥರ ಬಂತು. ನಿಜವಾದ ತೊಂದರೆ ಮೊದಲಿನಿಂದಲೂ ಅದೇ. ಒಣಗಿ ಧೂಳು ತುಂಬಿದ ರಬ್ಬರ್ ಗ್ಲಾಸನ್ನು ಹಿಡಿದುಕೊಳ್ಳುತ್ತಿತ್ತು, ಮೋಟರ್ ಒದ್ದಾಡಿ ಬಿಸಿಯಾಗುತ್ತಿತ್ತು. ಜಾಸ್ತಿ ಬಿಸಿಯಾದರೆ ಸುಟ್ಟುಹೋಗದಿರಲಿ ಅಂತ ಮೋಟರ್ ಒಳಗೇ ತಾನಾಗಿ ಕಟ್ ಆಗುವ ವ್ಯವಸ್ಥೆ ಇರುತ್ತದೆ, ತಣ್ಣಗಾದ ಮೇಲೆ ಮತ್ತೆ ಓಡುತ್ತದೆ. ಆ ನಿಂತು ನಿಂತು ಹೋಗುವುದನ್ನೇ ತೋರಿಸಿ "ಮೋಟರ್ ವೀಕ್" ಅಂತ ನಂಬಿಸುತ್ತಾರೆ. ತುಮಕೂರಿನವರು ಗ್ಲಾಸಿನಿಂದ ಅದನ್ನು ಎತ್ತಿ ಇಳಿಸುವ ಮಷಿನ್ ಕಳಚಿ, ಮೋಟರಿಗೆ ಬ್ಯಾಟರಿಯಿಂದ ನೇರ ವೈರ್ ಕೊಟ್ಟು ತೋರಿಸಿದರು. ಗಟ್ಟಿಮುಟ್ಟಾಗಿ ಓಡಿತು. ಗ್ಲಾಸನ್ನು ಮಾತ್ರ ಕೈಯಲ್ಲಿ ಎತ್ತಲು ಹೋದರೆ ಅಲ್ಲಾಡಲಿಲ್ಲ.

ಬೀಡಿಂಗ್ ಪೂರ್ತಿ ಬಿಚ್ಚಿ, ಸೋಪು ನೀರಿನಲ್ಲಿ ತೊಳೆದು, ಒಣಗಿಸಿ, ಸಿಲಿಕೋನ್ ಸ್ಪ್ರೇ ಹೊಡೆದರು. ಗ್ರೀಸ್, ಎಂಜಿನ್ ಆಯಿಲ್ ರಬ್ಬರಿಗೆ ಹಾಕಬಾರದು, ಉಬ್ಬಿ ಹಾಳಾಗುತ್ತದೆ ಅಂದರು. ಹೊಸ ಕ್ಲಿಪ್, ಹಾಳೆ ಅಂಟಿಸಿದ್ದು, ಎಲ್ಲಾ ಸೇರಿ 600 ರೂಪಾಯಿ. ನಾನು ಜಾಸ್ತಿ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ.

ವಾಪಸ್ ಬಂದು ನೇರ ಅಂಗಡಿಗೆ ಹೋದೆ. ಇಲ್ಲಿಂದ ಮುಂದೆ ಅವರ ಉತ್ತರಗಳನ್ನು ಹಾಗೇ ಹಾಕುತ್ತೇನೆ.

"ನಮ್ಮ ಹುಡುಗ ಹಾಕಿದ್ದಾನೆ ಸರ್, ನಾನೇ ನೋಡಿದ್ದೀನಿ." ಬೋಲ್ಟ್ ಫೋಟೋ ತೋರಿಸಿದೆ. "ಪೇಂಟ್ ನಾವೇ ಹಾಕ್ತೀವಿ ಸರ್." 2016ರ ಸ್ಟಿಕ್ಕರ್ ತೋರಿಸಿದೆ. "ಆ ಹುಡುಗ ಕೆಲಸ ಬಿಟ್ಟು ಊರಿಗೆ ಹೋದ ಸರ್." ಎಲ್.ಎಚ್. ಫೋಟೋ ತೋರಿಸಿದೆ. ಆಗ ಧ್ವನಿ ಬದಲಾಯಿತು. "ಮೋಟರ್ ಚೇಂಜ್ ಅಂತ ನಾವೆಲ್ಲಿ ಹೇಳಿದ್ವಿ? ಚೀಟಿ ತೋರಿಸಿ."

ಚೀಟಿ ತೆಗೆದೆ. ಅದರಲ್ಲಿ ಬರೆದಿರುವುದು: ಡೋರ್ ವರ್ಕ್, 7,500.

ಅಷ್ಟೇ. ಮೋಟರ್ ಅನ್ನುವ ಪದವೇ ಇಲ್ಲ. ಮೊದಲ ದಿನವೇ ಯೋಚನೆ ಮಾಡಿ ಬರೆದಿದ್ದಾರೆ ನೋಡಿ! ಅಲ್ಲಿ ಎಸಿ ಕೆಲಸಕ್ಕೆ ಕಾಯುತ್ತಿದ್ದ ಗಿರಾಕಿಗಳು ನನ್ನನ್ನೇ ವಂಚಕನ ಥರ ನೋಡುತ್ತಿದ್ದರು. ಕೊನೆಗೆ ಓನರ್ ಎಲ್ಲರಿಗೂ ಕೇಳುವ ಹಾಗೆ "ನಿಮಗೆ ಅಷ್ಟೆಲ್ಲ ಗೊತ್ತಿದ್ರೆ ನೀವೇ ಮಾಡ್ಕೋಬಹುದಿತ್ತಲ್ಲ ಸರ್" ಅಂದರು. ದುಡ್ಡಿಗಿಂತ ಆ ಮಾತು ನೋಯಿಸಿತು. ಈಗಲೂ ನೋಯುತ್ತಿದೆ.

ನಿಮ್ಮ ಗ್ಲಾಸೂ ಹೀಗೇ ಆಗಿದ್ದರೆ ಮೊದಲು ಎಂಜಿನ್ ಆನ್ ಮಾಡಿ ಬೇರೆ ಡೋರಿನ ಜೊತೆ ಹೋಲಿಸಿ. ಬೀಡಿಂಗ್ ತೊಳೆಸಿ, ಸಿಲಿಕೋನ್ ಹೊಡೆಸಿ. ಎಡಗಡೆ ಡೋರ್ ಆದರೆ ಅದರದೇ ಸ್ವಿಚ್, ಡ್ರೈವರ್ ಕಡೆ ಸ್ವಿಚ್ ಎರಡರಲ್ಲೂ ನೋಡಿ. ಒಂದರಲ್ಲಿ ಸರಿ ಇದ್ದರೆ ತೊಂದರೆ ಸ್ವಿಚ್ಚಿನದೋ ವೈರಿನದೋ. ಮೋಟರ್ ಬದಲಿಸಲೇಬೇಕು ಅಂದರೆ ಎದುರಿಗೇ ಬಿಚ್ಚಲಿ, ಹಳೆಯದನ್ನು ಡಿಕ್ಕಿಯಲ್ಲಿ ಹಾಕಿಕೊಂಡೇ ಬನ್ನಿ. ಬಿಲ್ಲಿನಲ್ಲಿ ಪಾರ್ಟ್ ನಂಬರ್ ಇರಲಿ. ಆ 18 ಪರ್ಸೆಂಟ್ ಕೊಟ್ಟುಬಿಡಿ ಮಾರಾಯ್ರೇ.

ಬಿಲ್ ಕೊಡದೇ ಇರುವುದೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ತಪ್ಪೇ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿದ್ದೇನೆ. ಚೀಟಿ, ಫೋನ್ ಪೇ ಸ್ಕ್ರೀನ್‌ಶಾಟ್, ಫೋಟೋ ಎಲ್ಲ ಇಟ್ಟಿದ್ದೇನೆ. ಅಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ, 5 ಲಕ್ಷದವರೆಗಿನ ದೂರಿಗೆ ಅಲ್ಲಿ ಶುಲ್ಕ ಇಲ್ಲ.

ದೂರು ಹಾಕಿದ ವಿಷಯ ಗೊತ್ತಾದ ಮೇಲೆ ನಿನ್ನೆ ಓನರ್ ವಾಟ್ಸಾಪ್ ಮೆಸೇಜ್ ಮಾಡಿದ್ದಾರೆ: "ಸರ್ ಯಾಕೆ ದೊಡ್ಡದು ಮಾಡ್ತೀರ. ಗಾಡಿ ತನ್ನಿ, ಎಸಿ ಗ್ಯಾಸ್ ಫ್ರೀಯಾಗಿ ಹಾಕ್ಕೊಡ್ತೀನಿ." ಇವರ ಕೈಗೆ ಎಸಿ ಬೇರೆ ಕೊಡಬೇಕಂತೆ.