ಮನೆಯಲ್ಲಿ ಕಟ್ಟಿದ ಸಿಎನ್‌ಸಿ ರೌಟರ್: ಎರಡು ವರ್ಷದ ಬಳಕೆ ಮತ್ತು ಕರೆಂಟಿನ ಕಾಟ

ಕಂಪ್ಯೂಟರ್ ಹೇಳಿದಂತೆ ಮರ ಕೆತ್ತುವ ಈ ಯಂತ್ರ ಓಡುತ್ತಿರುವಾಗ ಕರೆಂಟ್ ಪೂರ್ತಿ ಹೋದರೆ ಹಲಗೆ ಬಹುಮಟ್ಟಿಗೆ ಉಳಿಯುತ್ತದೆ. ವೋಲ್ಟೇಜ್ ಅರೆಬರೆ ಇಳಿದರೆ ಹಲಗೆಯೂ ಹೋಯಿತು, ಕೊರೆಯುವ ಬಿಟ್ಟೂ ಹೋಯಿತು. ಎರಡು ವರ್ಷದ ಬಳಕೆಯ ಮೇಲೆ ಈ ಯಂತ್ರದ ಬಗ್ಗೆ ಮೊದಲು ಹೇಳಬೇಕಾದ ದೂರು ಇದೇ. ಕೊಪ್ಪಳದಲ್ಲಿ ಏಪ್ರಿಲ್-ಮೇ ಮಧ್ಯಾಹ್ನ ಓಣಿಯ ಕೂಲರ್‌ಗಳೆಲ್ಲ ಒಟ್ಟಿಗೆ ತಿರುಗುವ ಹೊತ್ತಿಗೆ, 230 ಇರಬೇಕಾದ ವೋಲ್ಟೇಜ್ 170ರ ಹತ್ತಿರ ಬಂದು ನಿಲ್ಲುತ್ತದೆ.

ಆಗ ಸ್ಪಿಂಡಲ್ (ಬಿಟ್ ತಿರುಗಿಸುವ ಮೋಟರ್) ಓಡಿಸಿ ಅದರ ವೇಗ ನಿಯಂತ್ರಿಸುವ ಪೆಟ್ಟಿಗೆಯಾದ ವಿಎಫ್‌ಡಿ 'ವೋಲ್ಟೇಜ್ ಕಡಿಮೆ' ಎಂದು ಟ್ರಿಪ್ ಆಗುತ್ತದೆ, ಸ್ಪಿಂಡಲ್ ನಿಲ್ಲುತ್ತದೆ. ಬಿಟ್ಟನ್ನು ಲೆಕ್ಕದ ಹೆಜ್ಜೆಗಳಲ್ಲಿ (ಸ್ಟೆಪ್) ಅತ್ತಿತ್ತ ಸರಿಸುವ ಸ್ಟೆಪ್ಪರ್ ಮೋಟರ್‌ಗಳ 36 ವೋಲ್ಟ್ ಪವರ್ ಸಪ್ಲೈ ಮಾತ್ರ ಅದೇ ವೋಲ್ಟೇಜಿನಲ್ಲಿ ಏನೂ ಆಗದಂತೆ ಕೆಲಸ ಮಾಡುತ್ತಿರುತ್ತದೆ. ತಿರುಗದ ಬಿಟ್ಟನ್ನು ಗ್ಯಾಂಟ್ರಿ (ಸ್ಪಿಂಡಲ್ ಹೊತ್ತು ಚಲಿಸುವ ಅಡ್ಡ ಕಮಾನು) ಸಾಗವಾನಿಯೊಳಗೆ ಎಳೆದುಕೊಂಡೇ ಹೋಗುತ್ತದೆ. 3 ಮಿಮೀ ಬಿಟ್ ಆದರೆ ಮುರಿಯುತ್ತದೆ. 6 ಮಿಮೀ ಬಿಟ್ ಆದರೆ ಮೋಟರ್ ಸ್ಟೆಪ್ ತಪ್ಪಿ, ಮುಂದಿನ ಕೆತ್ತನೆಯೆಲ್ಲ ಪಕ್ಕಕ್ಕೆ ಸರಿಯುತ್ತದೆ. ಯುಪಿಎಸ್ ಹಾಕಿದರೆ ಸರಿಹೋಗುತ್ತದೆ ಎಂದು ಕಂಟ್ರೋಲರ್‌ಗೂ ಮೋಟರ್‌ಗಳಿಗೂ ಕೊಟ್ಟು ಸ್ಪಿಂಡಲನ್ನು ಹೊರಗಿಟ್ಟರೆ, ಕರೆಂಟ್ ಪೂರ್ತಿ ಹೋದಾಗಲೂ ಇದೇ ಗತಿ. ಯುಪಿಎಸ್ ಒಂದೇ ಹಾಕುವುದಕ್ಕಿಂತ ಏನೂ ಹಾಕದಿರುವುದು ವಾಸಿ.

ಯಂತ್ರದ ವಿವರ ಚುಟುಕಾಗಿ: 1605 ಬಾಲ್ ಸ್ಕ್ರೂ, 20 ಮಿಮೀ ಲೀನಿಯರ್ ರೈಲು, ನೆಮಾ 23 ಮೋಟರ್ ನಾಲ್ಕು (ವೈ ಅಕ್ಷಕ್ಕೆ ಎರಡು), ಡಿಎಂ542 ಡ್ರೈವರ್, ಗಾಳಿಯಲ್ಲೇ ತಣಿಯುವ 800 ವ್ಯಾಟ್ ಸ್ಪಿಂಡಲ್, ಕಂಟ್ರೋಲರ್ ಆಗಿ ಆರ್ಡುಯಿನೋ ಊನೋ ಬೋರ್ಡ್, ಅದರ ಮೇಲೆ ಮೋಟರ್‌ಗಳನ್ನು ನಡೆಸುವ ತಂತ್ರಾಂಶ ಜಿಆರ್‌ಬಿಎಲ್ 1.1. ಒಂದು ಸುತ್ತಿಗೆ 1600 ಮೈಕ್ರೋಸ್ಟೆಪ್, ಸ್ಕ್ರೂ ಒಂದು ಸುತ್ತಿಗೆ 5 ಮಿಮೀ, ಅಂದರೆ ಮಿಮೀಗೆ 320 ಸ್ಟೆಪ್. ಬುಡಕ್ಕೆ ಹಾಕಿದ್ದು ಕುಷ್ಟಗಿ ಕಡೆಯ ಪಾಲಿಶ್ ಫ್ಯಾಕ್ಟರಿಯಲ್ಲಿ ಉಳಿದ ಗ್ರಾನೈಟ್ ತುಂಡು. ಈ ಭಾಗದಲ್ಲಿ ಯಂತ್ರ ಕಟ್ಟುವವರಿಗೆ ಇದೊಂದು ಭಾಗ್ಯ. ಭಾರವಾದ ಕಲ್ಲು ಅದುರನ್ನು ನುಂಗಿಕೊಳ್ಳುತ್ತದೆ, ಕೊರೆದ ಅಂಚು ನುಣುಪಾಗಿ ಬರುತ್ತದೆ. ಒಟ್ಟು ಖರ್ಚು 75 ಸಾವಿರದ ಒಳಗೆ.

ಕಾಟ ಕಳೆದದ್ದು ಯುಪಿಎಸ್ ಜೊತೆಗೆ ಹಾಕಿದ ಒಂದು ಸಣ್ಣ ರಿಲೇಯಿಂದ. ಜಿಆರ್‌ಬಿಎಲ್‌ನಲ್ಲಿ ಎ1 ಪಿನ್ನನ್ನು ಗ್ರೌಂಡಿಗೆ ತಾಗಿಸಿದರೆ 'ಫೀಡ್ ಹೋಲ್ಡ್' ಆಗುತ್ತದೆ: ಯಂತ್ರ ಥಟ್ಟನೆ ನಿಲ್ಲದೆ ಲೆಕ್ಕದಂತೆ ವೇಗ ಇಳಿಸಿ, ಸ್ಥಾನ ಕಳೆದುಕೊಳ್ಳದೆ ನಿಲ್ಲುತ್ತದೆ. ಪಂಪ್‌ಸೆಟ್ ಸ್ಟಾರ್ಟರ್ ರಿಪೇರಿ ಅಂಗಡಿಯಲ್ಲಿ ಸಿಗುವ 230 ವೋಲ್ಟ್ ಕಾಯಿಲಿನ ಪ್ಲಗ್-ಇನ್ ರಿಲೇ ಒಂದು ತಂದು, ಕಾಯಿಲನ್ನು ಯುಪಿಎಸ್‌ಗಿಂತ ಮುಂಚಿನ ಮನೆ ಲೈನಿಗೆ ಕೊಡಿ. ಅದರ ಎನ್‌ಸಿ (ಕಾಯಿಲಿಗೆ ಕರೆಂಟ್ ಇಲ್ಲದಾಗ ಕೂಡುವ) ಸಂಪರ್ಕವನ್ನು ಎ1 ಮತ್ತು ಗ್ರೌಂಡ್ ನಡುವೆ ಹಾಕಿ. ಕರೆಂಟ್ ಹೋದ ಕೂಡಲೇ ರಿಲೇ ಬಿಡುತ್ತದೆ, ಯಂತ್ರ ನಿಲ್ಲುತ್ತದೆ. 1800 ಮಿಮೀ/ನಿಮಿಷ ವೇಗ, 200 ಮಿಮೀ/ಸೆಕೆಂಡ್² ಆಕ್ಸಲರೇಶನ್ (ವೇಗ ಏರಿಳಿಸುವ ದರ) ಇಟ್ಟಿದ್ದರೆ ನಿಲ್ಲುವುದಕ್ಕೆ ಬೇಕಾಗುವುದು 0.15 ಸೆಕೆಂಡ್, 2.25 ಮಿಮೀ ದೂರ. 18,000 ಆರ್‌ಪಿಎಂನಲ್ಲಿರುವ ಸ್ಪಿಂಡಲ್ ತನ್ನ ಓಟದಲ್ಲೇ ಅಷ್ಟು ಹೊತ್ತು ತಿರುಗಿ ಆ ಎರಡು ಮಿಲಿಮೀಟರನ್ನು ಕೊರೆದುಬಿಡುತ್ತದೆ.

ಆದರೆ ಈ ರಿಲೇಗೆ 170 ವೋಲ್ಟ್ ಬಂದರೂ ಲೆಕ್ಕವಿಲ್ಲ, ಹಿಡಿದದ್ದನ್ನು ಬಿಡುವುದಿಲ್ಲ. ವೋಲ್ಟೇಜ್ ಇಳಿತಕ್ಕೆ ವಿಎಫ್‌ಡಿಯದೇ ಫಾಲ್ಟ್ ರಿಲೇ ಬೇಕು. ಟ್ರಿಪ್ ಆದಾಗ ಕೂಡುವ ಅದರ ಸಂಪರ್ಕವನ್ನೂ ಎ1 ಮತ್ತು ಗ್ರೌಂಡಿಗೆ, ಮೊದಲಿನದರ ಜೊತೆ ಪ್ಯಾರಲಲ್ ಆಗಿ ಹಾಕಬೇಕು. ಎರಡೂ ಇದ್ದರೇ ಕೆಲಸ ಪೂರ್ತಿ.

ಇದರಲ್ಲಿ ಎಡವುವ ಜಾಗಗಳಿವೆ. ವಿಎಫ್‌ಡಿ ಹತ್ತಿರದಿಂದ ಬರುವ ತಂತಿ ಶೀಲ್ಡ್ ಇಲ್ಲದ್ದಾದರೆ ಕಾರಣವಿಲ್ಲದೆ ಹೋಲ್ಡ್ ಆಗುತ್ತಿರುತ್ತದೆ. ಶೀಲ್ಡ್ ತಂತಿ ಹಾಕಿ, ಶೀಲ್ಡನ್ನು ಒಂದೇ ತುದಿಯಲ್ಲಿ ಅರ್ತ್ ಮಾಡಿ. ಎ1ರಿಂದ 5 ವೋಲ್ಟಿಗೆ 1 ಕೆ ರೆಸಿಸ್ಟರ್, ಎ1ರಿಂದ ಗ್ರೌಂಡಿಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಕೊಡಿ. ಊನೋ ಒಳಗಿನ ಪುಲ್-ಅಪ್ (ಪಿನ್ನನ್ನು 5 ವೋಲ್ಟಿಗೆ ಎಳೆದಿಡುವ ರೆಸಿಸ್ಟರ್) ಈ ಗದ್ದಲಕ್ಕೆ ತೀರಾ ದುರ್ಬಲ. ಜಿಆರ್‌ಬಿಎಲ್ ಸೆಟ್ಟಿಂಗಿನಲ್ಲಿ $1=255 (ಮೋಟರ್ ಹಿಡಿತ ಸದಾ ಇರಲಿ ಎಂಬುದು) ಮಾಡುವುದನ್ನು ಮರೆತರೆ ಹೋಲ್ಡ್ ಆದ ಮರುಕ್ಷಣ ಮೋಟರ್‌ಗಳ ಹಿಡಿತ ಬಿಟ್ಟು, ಸ್ಪಿಂಡಲ್ ತನ್ನ ಭಾರಕ್ಕೆ ಕೆಳಗೆ ಜಾರುತ್ತದೆ; ಬಾಲ್ ಸ್ಕ್ರೂಗೆ ತಾನೇ ತಡೆದುಕೊಳ್ಳುವ ಗುಣವಿಲ್ಲ. ಝಡ್ ಅಕ್ಷಕ್ಕೆ ಅಡುಗೆಮನೆ ಕಪಾಟಿನ ಬಾಗಿಲಿಗೆ ಹಾಕುವ 60 ನ್ಯೂಟನ್‌ನ ಗ್ಯಾಸ್ ಸ್ಪ್ರಿಂಗ್ ಒಂದನ್ನು ಮೇಲಕ್ಕೆ ಒತ್ತುವಂತೆ ಕೂರಿಸಿದರೆ ಆ ಭಯವೂ ಇಲ್ಲ.

ಕರೆಂಟ್ ಬಂದ ಮೇಲೆ ಅವಸರ ಬೇಡ. ಸ್ಪಿಂಡಲ್ ತಾನಾಗಿ ಶುರುವಾಗದಂತೆ ವಿಎಫ್‌ಡಿಯಲ್ಲಿ ಆಟೋ ರೀಸ್ಟಾರ್ಟ್ ಆಫ್ ಇರಲೇಬೇಕು, ಬಿಟ್ಟಿನ ಹತ್ತಿರ ಕೈ ಇರುವ ಹೊತ್ತೇ ಅದು. ಫಾಲ್ಟ್ ಅಳಿಸಿ, ಪ್ಯಾನೆಲ್‌ನಿಂದಲೇ ಸ್ಪಿಂಡಲ್ ಓಡಿಸಿ, ಪೂರ್ತಿ ವೇಗಕ್ಕೆ ಬಂದ ಮೇಲೆ ರೆಸ್ಯೂಮ್ ಒತ್ತಿ. ಸ್ಪಿಂಡಲ್ ನಿಂತಿರುವಾಗ ರೆಸ್ಯೂಮ್ ಒತ್ತಿದರೆ ಜಿಆರ್‌ಬಿಎಲ್ ತಡೆಯುವುದಿಲ್ಲ. ಪಿನ್ನಿನ ಸ್ಥಿತಿ ಬದಲಾಗುವ ಗಳಿಗೆಯನ್ನು ಮಾತ್ರ ಅದು ಗಮನಿಸುತ್ತದೆ. ವೇಗಕ್ಕೆ ಬಂದ ಬಿಟ್ಟನ್ನು ಒಂದೇ ಕಡೆ ತಿರುಗಲು ಬಿಟ್ಟರೆ ಮರ ಸುಟ್ಟು ಕಪ್ಪಾಗುತ್ತದೆ, ಇಲ್ಲವಾದರೆ ಉಳಿಯುವುದು ತೆಳು ಉಂಗುರದಂಥ ಗುರುತು. 180ರ ಉಪ್ಪುಕಾಗದಕ್ಕೆ ಹೋಗುತ್ತದೆ.

ಹಳೆಯ ಕಂಪ್ಯೂಟರ್‌ನ 600 ವಿಎ ಯುಪಿಎಸ್ ಕೆಲವು ನಿಮಿಷ ತಡೆಯುತ್ತದೆ, ಅಷ್ಟೇ. ಅದಕ್ಕೂ ಮೀರಿ ಕರೆಂಟ್ ಬಾರದಿದ್ದರೆ ಕಾಪಾಡುವುದು ಜಿ54, ಅಂದರೆ ಹಲಗೆಯ ಶೂನ್ಯವನ್ನು (ಅಳತೆ ಶುರುವಾಗುವ ಬಿಂದು) ಉಳಿಸಿಡುವ ಜಾಗ. ಹಲಗೆಯ ಶೂನ್ಯವನ್ನು ಜಿ92ರಲ್ಲಿ ಇಟ್ಟರೆ ಬೋರ್ಡ್ ಆರಿದೊಡನೆ ಅಳಿಸಿಹೋಗುತ್ತದೆ. ಜಿ10 ಎಲ್20 ಪಿ1 ಕೊಟ್ಟು ಜಿ54ರಲ್ಲಿ ಇಟ್ಟರೆ ಬೋರ್ಡಿನ ನೆನಪಿನಲ್ಲಿ ಉಳಿಯುತ್ತದೆ. ಮತ್ತೆ ಹೋಮಿಂಗ್ ಮಾಡಿದರೆ (ಅಕ್ಷಗಳನ್ನು ತುದಿಯ ಸ್ವಿಚ್ಚಿಗೆ ತಾಗಿಸಿ ಯಂತ್ರದ ಸ್ಥಾನ ಗುರುತಿಸಿದರೆ) ಬಿಟ್ ಅದೇ ಶೂನ್ಯಕ್ಕೆ ಬರುತ್ತದೆ. ಫೈಲನ್ನು ನಿಂತ ಸಾಲಿನಿಂದಲೇ ಶುರುಮಾಡಬೇಡಿ. ಜಿಆರ್‌ಬಿಎಲ್ ಹತ್ತಾರು ಸಾಲು ಮುಂಚಿತವಾಗಿ ತೆಗೆದುಕೊಂಡು ಇಟ್ಟುಕೊಂಡಿರುತ್ತದೆ, ಲ್ಯಾಪ್‌ಟಾಪ್ ತೋರಿಸುವ ಸಾಲು ಬಿಟ್ ಇರುವ ಜಾಗಕ್ಕಿಂತ ಮುಂದಿನದು. 40 ಸಾಲು ಹಿಂದೆ ಹೋಗಿ, ಝಡ್ ಮೇಲಿಟ್ಟು, ಜಿ21 (ಮಿಮೀ ಅಳತೆ), ಜಿ90 (ಶೂನ್ಯದಿಂದ ಲೆಕ್ಕ), ಜಿ54 ಮತ್ತು ಫೀಡ್ (ಕೊರೆಯುವ ವೇಗ) ಬರೆದು ಶುರುಮಾಡಿ.

ಈ ವ್ಯವಸ್ಥೆ ಕೂತ ಮೇಲೆ ಯಂತ್ರದ ಮೇಲಿನ ಸಿಟ್ಟು ಇಳಿದು, ಬೆಳಗಿನ ಹತ್ತು ನಿಮಿಷ ಹಿತವಾಗತೊಡಗಿದೆ. ರೈಲಿನ ಮೇಲಿನ ಹೊಟ್ಟನ್ನು ಬ್ರಷ್ಷಿನಿಂದ ಸರಿಸಿ, ಹೊಲಿಗೆ ಯಂತ್ರದ ಎಣ್ಣೆ ಅದ್ದಿದ ಹಳೆ ಪಂಚೆಯ ತುಂಡಿನಿಂದ ಉದ್ದಕ್ಕೆ ಒಮ್ಮೆ ಒರೆಸುವುದು. ಸ್ವಿಚ್ ಹಾಕುವ ಮುಂಚೆ ಗ್ಯಾಂಟ್ರಿಯನ್ನು ಎರಡೂ ಕಡೆಯ ತಡೆ ಬೋಲ್ಟಿಗೆ ಮೆಲ್ಲಗೆ ತಳ್ಳಿ ಹಿಡಿಯುವುದು. ವೈ ಅಕ್ಷದ ಎರಡು ಮೋಟರ್ ರಾತ್ರಿಯೆಲ್ಲ ಸಡಿಲವಾಗಿದ್ದು ಗ್ಯಾಂಟ್ರಿ ಓರೆಯಾಗಿದ್ದರೆ ನೇರಾಗುವುದು ಇಲ್ಲೇ. ಬಿಟ್ ಹಿಡಿಯುವ ಕೋಲೆಟ್ ಬಿಚ್ಚಿ ಊದಿ, ಬಿಟ್ಟಿನ ಅಂಚನ್ನು ಉಗುರಿನ ಮೇಲೆ ಇಟ್ಟು ನೋಡುವುದು. ಜಾರಿದರೆ ಮೊಂಡಾಗಿದೆ, ಕಚ್ಚಿದರೆ ಇನ್ನೂ ಕೆಲಸಕ್ಕೆ ಬರುತ್ತದೆ. ಆಮೇಲೆ ಹೋಮಿಂಗ್. ಝಡ್ ಮೇಲೇರಿ ಸ್ವಿಚ್ಚಿಗೆ ತಾಗಿ, ಹಿಂದೆ ಸರಿದು, ನಿಧಾನವಾಗಿ ಇನ್ನೊಮ್ಮೆ ತಾಗುವ ಆ ಎರಡು 'ಟಿಕ್' ಕೇಳಿದರೆ ದಿನ ಸರಿಯಿದೆ.

ಬಾಗಿಲ ಹೂಬಳ್ಳಿ, ನಾಮಫಲಕ, ಜಾಲಂಧ್ರ ಇದಕ್ಕೆ ಸಲೀಸು. ಪಕ್ಕದ ಕಿನ್ನಾಳದ ಗೊಂಬೆಯಂಥ ಸುತ್ತಲೂ ದುಂಡಾದ ಕೆಲಸ ಇದರಿಂದ ಆಗದು. ಮೂರು ಅಕ್ಷದ ಯಂತ್ರಕ್ಕೆ ಮೇಲಿನಿಂದ ಕಾಣುವಷ್ಟೇ ಎಟಕುವುದು.

ಯಂತ್ರ ಕಟ್ಟಿ ಮುಗಿಸಿದಾಗ ಕೈಯಲ್ಲಿ ಮೂರು ಸಾವಿರ ಉಳಿದಿದ್ದರೆ ಹೊಸ ಬಿಟ್‌ಗಳ ಸೆಟ್ ತರಬೇಡಿ. ರಿಲೇ, ಶೀಲ್ಡ್ ತಂತಿ, ಗ್ಯಾಸ್ ಸ್ಪ್ರಿಂಗ್ ಮೊದಲು ತನ್ನಿ. ಮೊದಲ ಪರೀಕ್ಷೆಯನ್ನು ಸಾಗವಾನಿಯ ಮೇಲೆ ಮಾಡದೆ, ಎಂಡಿಎಫ್ ತುಂಡಿನ ಮೇಲೆ ಬಿಟ್ ಓಡುತ್ತಿರುವಾಗಲೇ ಮೇನ್ ಸ್ವಿಚ್ ಇಳಿಸಿ ಮಾಡಿ.