ಹಾಡುವ ನಾಯಕಿಯರ ಹಳೆಯ ಬ್ರಿಟಿಷ್ ಕಾಮಿಕ್ಸ್: ಯಾವ ರೂಪದಲ್ಲಿ ಕೊಂಡರೆ ಒಳ್ಳೆಯದು?

ಬ್ರಿಟನ್ನಿನ ಹಳೆಯ ಹುಡುಗಿಯರ ಕಾಮಿಕ್ಸ್ ತೆಗೆದರೆ ಬ್ಯಾಲೆ, ಕುದುರೆ ಸವಾರಿ, ಬೋರ್ಡಿಂಗ್ ಶಾಲೆಯ ಕಥೆಗಳಿಗೆ ಬರವಿಲ್ಲ. ಹಾಡುವ ನಾಯಕಿಯರನ್ನು ಮಾತ್ರ ಹುಡುಕಿ ತೆಗೆಯಬೇಕು. ಅವು ಇಂದು ಸಿಗುವುದು ಮುಖ್ಯವಾಗಿ ಮೂರು ರೂಪದಲ್ಲಿ: ವಾರಪತ್ರಿಕೆಯ ಬಿಡಿ ಸಂಚಿಕೆ, ವರ್ಷಕ್ಕೊಮ್ಮೆ ಬರುತ್ತಿದ್ದ ಗಟ್ಟಿ ರಟ್ಟಿನ ಪುಸ್ತಕವಾದ ಆನ್ಯುಯಲ್, ಒಂದೇ ಕಥೆಯ ಅಂಗೈಯಗಲದ ಪುಸ್ತಿಕೆಯಾದ ಪಿಕ್ಚರ್ ಲೈಬ್ರರಿ. ಹಾಡೇ ಮುಖ್ಯವೆನ್ನುವವರು ವಾರಪತ್ರಿಕೆಯನ್ನೇ ಕೊಳ್ಳಬೇಕು. ಹೊಸಬರು ಪಿಕ್ಚರ್ ಲೈಬ್ರರಿಯಿಂದ ಶುರು ಮಾಡಬಹುದು. ಆನ್ಯುಯಲ್ಲಿಗೆ ಕೊನೆಯ ಸ್ಥಾನ.

ಕಾರಣ ಇದು. ಬ್ಯಾಲೆಯನ್ನು ಚಿತ್ರದಲ್ಲಿ ನೇರವಾಗಿ ತೋರಿಸಬಹುದು, ದನಿಯನ್ನು ತೋರಿಸಲಾಗದು. ಹಾಗಾಗಿ ಚಿತ್ರಕಾರರಿಗೆ ಉಳಿದಿದ್ದು ಮೂರೇ ದಾರಿ: ಮಾತಿನ ಗುಳ್ಳೆಯಲ್ಲಿ ಸಾಹಿತ್ಯದ ಅಕ್ಕಪಕ್ಕ ಸ್ವರಚಿಹ್ನೆ ಹಾಕುವುದು, ಚೌಕಟ್ಟಿನಿಂದ ಚೌಕಟ್ಟಿಗೆ ಹರಿಯುವ ಸ್ವರಗಳ ಪಟ್ಟಿ ಬರೆಯುವುದು, ಇಲ್ಲವೇ ಕೇಳುವವರ ಮುಖ ತೋರಿಸುವುದು. ಮೂರನೆಯದರಲ್ಲೇ ನಿಜವಾದ ಕಸುಬು ಇರುವುದು. ಹಾಡುವವಳು ಹಿಂದೆ ಚಿಕ್ಕದಾಗಿ ನಿಂತಿರುತ್ತಾಳೆ. ಮುಂದೆ ಯಾರೋ ಕೈಯಲ್ಲಿದ್ದ ಕೆಲಸ ಬಿಟ್ಟು ತಲೆ ಎತ್ತಿರುತ್ತಾರೆ. ಆ ಒಂದು ಚೌಕಟ್ಟು ಸರಿಯಾಗಿ ಬಿದ್ದರೆ ಅವಳ ದನಿ ಎಂಥದ್ದೆಂದು ಓದುಗರಿಗೆ ಗೊತ್ತಾಗುತ್ತದೆ. ಅದು ಕೆಟ್ಟರೆ ಪುಟದ ತುಂಬ ಸ್ವರಚಿಹ್ನೆ ಚೆಲ್ಲಿದರೂ ಹಾಡು ಹುಟ್ಟುವುದಿಲ್ಲ.

ಇದಕ್ಕೆ ಒಳ್ಳೆಯ ಮಾದರಿ ‘ಜಿಂಟಿ’ ವಾರಪತ್ರಿಕೆಯಲ್ಲಿ 1975–76ರಲ್ಲಿ ಬಂದ ‘ಸಾಂಗ್ ಆಫ್ ದ ಫರ್ ಟ್ರೀ’. ಚಿತ್ರ ಫಿಲ್ ಗ್ಯಾಸ್ಕಾಯಿನ್ ಅವರದು. ಎರಡನೇ ಮಹಾಯುದ್ಧ ಮುಗಿದು ನಾಟ್ಸಿ ಶಿಬಿರದಿಂದ ಬಿಡುಗಡೆಯಾದ ಸೋಲ್ವೇಗ್ ಮತ್ತು ಪೇರ್ ಎಂಬ ನಾರ್ವೆಯ ಅಕ್ಕ–ತಮ್ಮ ಯುರೋಪನ್ನು ದಾಟಿ ಊರು ಸೇರಲು ಹೊರಡುತ್ತಾರೆ. ಅಪ್ಪ ಅವರನ್ನು ಹುಡುಕುತ್ತಿರುತ್ತಾನೆ. ಊರಿನ ಫರ್ ಮರದ ಹಾಡೊಂದೇ ಅವರನ್ನು ಮನೆಗೆ ಕಟ್ಟಿಟ್ಟಿರುವ ನಂಟು. ಇಲ್ಲಿ ಹಾಡು ಅಲಂಕಾರವಲ್ಲ, ಕಥೆಯನ್ನು ನಡೆಸುವುದೇ ಅದು. ಅದೇ ‘ಜಿಂಟಿ’ಯಲ್ಲಿ 1978ರಲ್ಲಿ ಶುರುವಾದ ‘ಸಮ್‌ವೇರ್ ಓವರ್ ದ ರೇನ್‌ಬೋ’ ಕೂಡ ಯುದ್ಧಕ್ಕೆ ಸಿಕ್ಕಿ ಚದುರಿದ ಮಕ್ಕಳ ಕಥೆ: ಬರಹ ಆಲಿಸನ್ ಕ್ರಿಸ್ಟಿ, ಚಿತ್ರ ಫಿಲ್ ಟೌನ್‌ಸೆಂಡ್. ಶೀರ್ಷಿಕೆ ‘ದ ವಿಝರ್ಡ್ ಆಫ್ ಆಝ್’ ಚಲನಚಿತ್ರದಲ್ಲಿ ನಾಯಕಿ ಡೊರೊಥಿ ಹಾಡುವ ಹಾಡಿನದು, ಇಲ್ಲಿನ ನಾಯಕಿಯ ಹೆಸರೂ ಡೊರೊಥಿ. ಟೌನ್‌ಸೆಂಡ್ ಬರೆಯುವ ಮಕ್ಕಳ ಮುಖದಲ್ಲಿ ಹಸಿವು, ಆಯಾಸ ಎರಡೂ ಕಾಣುತ್ತವೆ. ಅದಕ್ಕೇ ಹಾಡು ಬಂದಾಗ ಅದು ನಾಟಕೀಯ ಅನಿಸುವುದಿಲ್ಲ.

ಇಂಥ ಕಥೆ ವಾರಕ್ಕೆ ಎರಡು–ಮೂರು ಪುಟದಂತೆ ತಿಂಗಳುಗಟ್ಟಲೆ ನಡೆಯುತ್ತದೆ. ಒಂದೇ ಹಾಡು ಬೇರೆ ಬೇರೆ ಸಂಕಟದಲ್ಲಿ ಮರಳಿ ಬಂದಾಗ ಅದಕ್ಕೆ ತೂಕ ಬರುತ್ತದೆ. ಆರೇಳು ಪುಟದಲ್ಲಿ ಮುಗಿಯುವ ಆನ್ಯುಯಲ್ ಕಥೆಗೆ ಅಷ್ಟು ವ್ಯವಧಾನವೆಲ್ಲಿ? ಅಲ್ಲಿ ಹಾಡುಗಾತಿ ಬರುತ್ತಾಳೆ, ಅಸೂಯೆಯ ಹುಡುಗಿಯೊಬ್ಬಳು ಅಡ್ಡಗಾಲು ಹಾಕುತ್ತಾಳೆ, ಸ್ಪರ್ಧೆಯಲ್ಲಿ ಗೆಲುವು, ಅಷ್ಟೇ.

ವಾರಪತ್ರಿಕೆಯ ತೊಂದರೆ ಕೊಳ್ಳುವಾಗಲೇ ಶುರು. ನಡುವೆ ಒಂದು ಸಂಚಿಕೆ ತಪ್ಪಿದರೆ ಕಥೆಯ ಕೊಂಡಿಯೇ ಕಳಚುತ್ತದೆ. ಆದ್ದರಿಂದ ಸಾಲಾಗಿ ಬಂದ ಸಂಚಿಕೆಗಳ ಕಟ್ಟನ್ನೇ ಹುಡುಕಿ. ‘ಜಿಂಟಿ’, ‘ಟ್ಯಾಮಿ’ಗಳಿಗೆ ಮುಖಪುಟದ ದಿನಾಂಕ ಕೇಳಿ ಪಟ್ಟಿ ಮಾಡಿಕೊಳ್ಳುವುದೇ ಸಲೀಸು. ಹೆಸರಿನ ಗೋಜಲೂ ಇದೆ. ಪತ್ರಿಕೆಯೊಂದು ನಿಂತರೆ ಮತ್ತೊಂದರ ಜೊತೆ ಸೇರಿಸುವುದು ಅಲ್ಲಿನ ರೂಢಿ: 1980ರಲ್ಲಿ ‘ಮಿಸ್ಟಿ’, 1981ರ ಕೊನೆಗೆ ‘ಜಿಂಟಿ’ ಎರಡೂ ‘ಟ್ಯಾಮಿ’ಯೊಳಗೆ ಸೇರಿದವು. ಹೀಗಾಗಿ ಜೋಡಿ ಹೆಸರಿನಲ್ಲೂ ಹುಡುಕಬೇಕು. ‘ಟ್ಯಾಮಿ’ಯ 1984ರ ಕೊನೆಯ ವಾರಗಳ ಧಾರಾವಾಹಿಗೆ ಕೈ ಹಾಕುವ ಮುನ್ನ ಯೋಚಿಸಿ. ಮುಷ್ಕರದಿಂದಾಗಿ ಜೂನ್ 23ರ ಸಂಚಿಕೆಯೇ ಕೊನೆಯದಾಯಿತು, ನಡೆಯುತ್ತಿದ್ದ ಕಥೆಗಳು ಅರ್ಧಕ್ಕೇ ನಿಂತವು.

ಸ್ಕಾಟ್ಲೆಂಡಿನ ಡಂಡೀಯ ಡಿ.ಸಿ. ಥಾಮ್ಸನ್ ಸಂಸ್ಥೆ ಪ್ರಕಟಿಸಿದ ವಾರಪತ್ರಿಕೆ ‘ಬಂಟಿ’ 1958ರಿಂದ 2001ರವರೆಗೆ ನಡೆಯಿತು. ಅದರ ಹಿಂಬದಿಯಲ್ಲಿ ಕಾಗದದ ಗೊಂಬೆಗೆ ತೊಡಿಸುವ ಬಟ್ಟೆಗಳನ್ನು ಅಚ್ಚು ಹಾಕುತ್ತಿದ್ದರು, ಹುಡುಗಿಯರು ಕತ್ತರಿಸಿಕೊಳ್ಳುತ್ತಿದ್ದರು. ಕೊನೆಯ ಪುಟ ಕತ್ತರಿಸಿದರೆ ಅದರ ಬೆನ್ನಿಗಿರುವ ಪುಟಕ್ಕೂ ತೂತು ಬಿದ್ದೇ ಬೀಳುತ್ತದೆ. ಮಾರುವವರ ಬಳಿ ಹಿಂಬದಿಯ ಮತ್ತು ಅದರ ಒಳಮೈಯ ಫೋಟೊ ಕೇಳಿ. ನಡುಹಾಳೆಯನ್ನೂ ನೋಡಬೇಕು: ಪಿನ್ನಿಗೆ ತುಕ್ಕು ಹಿಡಿದು ಕಾಗದ ಸವೆದರೆ ಮೊದಲು ಕಳಚುವುದು ಅದೇ, ಒಂದು ಹಾಳೆ ಹೋದರೆ ನಾಲ್ಕು ಪುಟ ಹೋದಂತೆ.

ಪಿಕ್ಚರ್ ಲೈಬ್ರರಿಯ ಗುಣವೆಂದರೆ ಪೂರ್ಣತೆ. ‘ಬಂಟಿ’, ‘ಜೂಡಿ’ ಹೆಸರಿನಲ್ಲಿ 1963ರಿಂದ ಬಂದ ಈ ಪುಸ್ತಿಕೆಗಳಲ್ಲಿ 64 ಪುಟ, ಒಂದೇ ಕಥೆ, ಪುಟಕ್ಕೆ ಹೆಚ್ಚಾಗಿ ಎರಡು ಚೌಕಟ್ಟು. ದೊಡ್ಡ ಚೌಕಟ್ಟು ಹಾಡಿಗೆ ಒದಗಿಬರುತ್ತದೆ. ಸಭಾಂಗಣ, ವೇದಿಕೆ, ಕೇಳುಗರ ಸಾಲು ಎಲ್ಲಕ್ಕೂ ಜಾಗವಿದೆ. ಕಥೆ ಮಾತ್ರ ನಡುವಿನಲ್ಲಿ ಎಳೆದಂತಾಗುವುದುಂಟು.

ಆನ್ಯುಯಲ್ ಗಟ್ಟಿಮುಟ್ಟು, ಸುಲಭವಾಗಿ ಸಿಗುತ್ತದೆ. ಮುಖಪುಟದ ಇಸವಿ ನೋಡಿ ಮೋಸಹೋಗಬೇಡಿ: 1975ರದೆಂದು ಅಚ್ಚಾದದ್ದು 1974ರ ಕ್ರಿಸ್‌ಮಸ್ಸಿಗೆ ಬಂದದ್ದು. ಪದಬಂಧ ತುಂಬಿಸಿರುವುದು, ಹೆಸರು ಬರೆದಿರುವುದು ಮಾಮೂಲು, ಓದಿಗೆ ಅಡ್ಡಿಯಿಲ್ಲ.

ಬರೆದವರು, ಚಿತ್ರಿಸಿದವರು ಯಾರೆಂದು ಈ ಪತ್ರಿಕೆಗಳು ಸಾಮಾನ್ಯವಾಗಿ ಹೇಳುತ್ತಲೇ ಇರಲಿಲ್ಲ. ಇಷ್ಟು ಒಳ್ಳೆಯ ಕೆಲಸಕ್ಕೆ ಹೆಸರು ಹಾಕದಿದ್ದದ್ದು ಅನ್ಯಾಯ. ‘ಟ್ಯಾಮಿ’ 1982ರಿಂದ ಕೆಲಕಾಲ ಹೆಸರು ಹಾಕಿತು. ಮೆಚ್ಚಿದ ಚಿತ್ರಕಾರರನ್ನು ಹಿಂಬಾಲಿಸಿ ಹೋಗಬೇಕೆನ್ನುವವರಿಗೆ ಆ ಸಂಚಿಕೆಗಳೇ ಕೈದೀವಿಗೆ. ‘ಜಿಂಟಿ’, ‘ಟ್ಯಾಮಿ’ಗಳ ಹಕ್ಕು 2016ರಲ್ಲಿ ರೆಬೆಲಿಯನ್ ಸಂಸ್ಥೆಗೆ ಬಂದ ಮೇಲೆ ಮರುಮುದ್ರಣಗಳು ಬಂದಿವೆ. ಅವುಗಳಲ್ಲಿ ಭಯಾನಕ, ವೈಜ್ಞಾನಿಕ, ಕ್ರೀಡಾ ಕಥೆಗಳಿಗೇ ಮಣೆ. ಹಾಡುವ ಹುಡುಗಿಯರಿಗೂ ಒಂದು ಸಂಪುಟ ಖಂಡಿತ ಸಲ್ಲಬೇಕು.

ಕೊಂಡ ಮೇಲೆ: ನ್ಯೂಸ್‌ಪ್ರಿಂಟಿನಲ್ಲಿ ಆಮ್ಲವಿರುವುದರಿಂದ ಬೆಳಕು ಬಿದ್ದಷ್ಟೂ ಹಳದಿಯಾಗಿ ಪುಡಿಯಾಗುತ್ತದೆ. ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಹೊದಿಕೆಯಲ್ಲಿ ಆಮ್ಲರಹಿತ ರಟ್ಟಿನ ಆಸರೆ ಕೊಟ್ಟು ಮಲಗಿಸಿಡಿ. ಪಿವಿಸಿ ಹೊದಿಕೆ ಬೇಡ, ಅದು ಕಾಗದಕ್ಕೆ ಅಂಟುತ್ತದೆ. ಹರಿದ ಕಡೆ ಸೆಲ್ಲೋಟೇಪ್ ಹಚ್ಚಲೇಬಾರದು. ಅಂಟು ಕಂದಾಗಿ ಕಾಗದದೊಳಗೆ ಇಳಿದರೆ ಕಲೆ ತೆಗೆಯುವುದು ಬಲು ಕಷ್ಟ.