ಮಿಡಿ ನಮ್ಮದು, ವಿಳಾಸ ಮಾತ್ರ ಅವನದು

2024ರ ದೀಪಾವಳಿ ಕಳೆದು ಹದಿನೈದು ದಿನವಾಗಿತ್ತು. ಧಾರವಾಡದಿಂದ ಒಬ್ಬ ನಿವೃತ್ತ ಮೇಷ್ಟ್ರು ಫೋನ್ ಮಾಡಿದರು. ಮೂರು ವರ್ಷದಿಂದ ನಮ್ಮಲ್ಲಿ ಮಿಡಿ ಉಪ್ಪಿನಕಾಯಿ ತರಿಸುತ್ತಿದ್ದವರು. “ಬಾಟಲಿ ಖಾಲಿಯಾಯಿತು, ಇನ್ನೆರಡು ತರಿಸೋಣ ಎಂದು ಲೇಬಲ್ಲಿನ ಮೇಲಿನ ಚೌಕವನ್ನು ಮೊಮ್ಮಗನ ಕೈಯಲ್ಲಿ ಸ್ಕ್ಯಾನ್ ಮಾಡಿಸಿದೆ. ಇಸ್ಪೀಟಾಟ ತೆರೆದುಕೊಂಡಿತು. ನೀವು ವ್ಯಾಪಾರ ಬದಲಾಯಿಸಿದಿರೋ ಹೇಗೆ?” ಎಂದರು. ಅವರು ನಗುತ್ತಿದ್ದರು. ನನಗೆ ನಗು ಬರಲಿಲ್ಲ.

ನಾನೇ ಒಂದು ಖಾಲಿ ಲೇಬಲ್ ತೆಗೆದುಕೊಂಡು ಗುಡ್ಡದ ಮೇಲಿನ ನೀರಿನ ಟ್ಯಾಂಕಿನ ಹತ್ತಿರ ಹೋದೆ. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಅಲ್ಲಿ ಎರಡು ಕಡ್ಡಿ ಸಿಗುತ್ತದೆ. ಸ್ಕ್ಯಾನ್ ಮಾಡಿದೆ. ಅತ್ತೆಯವರ ಭರಣಿಯ ಚಿತ್ರವಿದ್ದ ಜಾಗದಲ್ಲಿ ರಾಜ, ರಾಣಿ, ಜೋಕರ್. ಹಣ ಹಾಕಿ, ಆಡಿ, ಗೆಲ್ಲಿ.

ಇದು ಹೇಗಾಯಿತು ಎಂದು ಬರೆಯುತ್ತಿದ್ದೇನೆ. ನಮ್ಮ ಸುತ್ತಮುತ್ತ ಈಗ ಜೇನು, ಹಲಸಿನ ಹಪ್ಪಳ, ಮುರುಗಲು ಶರಬತ್ತು, ಜೋನಿ ಬೆಲ್ಲ ಎಲ್ಲವೂ ಆನ್‌ಲೈನ್‌ಗೆ ಹೊರಟಿವೆ. ಹೊರಡಲಿ. ಹೊರಡುವ ಮುನ್ನ ಇದನ್ನು ಓದಿಕೊಂಡರೆ ಸಾಕು.

ನಮ್ಮ ಮನೆ ಹೊಸನಗರ ತಾಲ್ಲೂಕಿನಲ್ಲಿ, ರಿಪ್ಪನ್‌ಪೇಟೆಯಿಂದ ಒಳಗೆ. ಅತ್ತೆಯವರು ಅಪ್ಪೆಮಿಡಿ ಹಾಕುವುದರಲ್ಲಿ ಊರಿಗೇ ಹೆಸರಾದವರು. ತೊಟ್ಟು ಮುರಿದ ಮಿಡಿಯನ್ನು ಅವರು ಮುಟ್ಟುವುದಿಲ್ಲ. ತೊಟ್ಟು ಹೋದರೆ ಸೊನೆ ಹೋಯಿತು, ಸೊನೆ ಹೋದರೆ ಪರಿಮಳವೂ ಬಾಳಿಕೆಯೂ ಹೋಯಿತು. ಎಣ್ಣೆ ಸೋಕಿಸುವುದಿಲ್ಲ. ಉಪ್ಪಿನಲ್ಲಿ ಮಿಡಿ ಚಿರುಟಿಕೊಳ್ಳುವವರೆಗೆ ಕಾದು, ಆಮೇಲೆ ಖಾರ, ಸಾಸಿವೆ. ನಮ್ಮ ಕಡೆ ಮಾವಿನ ಮರಕ್ಕೂ ಹೆಸರುಂಟು: ಅನಂತಭಟ್ಟನ ಅಪ್ಪೆ, ಮಾಳಂಜಿ ಅಪ್ಪೆ, ಪುರಪ್ಪೆಮನೆ ಜೀರಿಗೆ. ಯಾವ ಮರ, ಯಾರ ಮರ, ಯಾವ ಊರಿನದು ಎಂದು ಮಿಡಿ ಮೂಸಿಯೇ ಹೇಳುವವರಿದ್ದಾರೆ. ಹೆಸರಿನ ವಿಷಯದಲ್ಲಿ ಇಷ್ಟು ಖಡಾಖಂಡಿತವಾಗಿರುವ ಊರಿನವರು ನಾವು ನಮ್ಮ ಹೆಸರನ್ನೇ ಎಲ್ಲಿಟ್ಟಿದ್ದೇವೆ ಎಂದು ಕೇಳಲಿಲ್ಲ.

2021ರಲ್ಲಿ, ಎರಡನೇ ಲಾಕ್‌ಡೌನ್ ಮುಗಿದ ಮೇಲೆ, ವಾಟ್ಸ್‌ಆ್ಯಪ್‌ನಲ್ಲಿ ಬರುತ್ತಿದ್ದ ಆರ್ಡರುಗಳನ್ನು ಪುಸ್ತಕದಲ್ಲಿ ಬರೆದುಕೊಳ್ಳುವುದು ಕಷ್ಟವಾಗತೊಡಗಿತು. ಪರಿಚಯದವರೊಬ್ಬರು ಶಿವಮೊಗ್ಗದಲ್ಲಿ ವೆಬ್‌ಸೈಟ್ ಮಾಡಿಕೊಡುವ ಹುಡುಗನ ನಂಬರ್ ಕೊಟ್ಟರು. ಮಹಡಿಯ ಮೇಲೊಂದು ಕೋಣೆ, ಎರಡು ಕಂಪ್ಯೂಟರ್, ನಯವಾದ ಮಾತು. ಬೈಕಿನಲ್ಲಿ ನಮ್ಮ ಮನೆಗೇ ಬಂದ, ಊಟ ಮಾಡಿದ, ಭರಣಿಗಳನ್ನು ಜಗಲಿಯ ಬೆಳಕಿನಲ್ಲಿಟ್ಟು ಚಂದದ ಫೋಟೊ ತೆಗೆದ. ಕೆಲಸ ಕೆಟ್ಟದಾಗಿ ಮಾಡಿದ ಎಂದರೆ ನನ್ನ ಬಾಯಿಗೆ ಸುಳ್ಳು ಬಂದಂತೆ. ವೆಬ್‌ಸೈಟ್ ಚೆನ್ನಾಗಿಯೇ ಇತ್ತು. 18,000 ರೂಪಾಯಿಗೆ ಎಲ್ಲವನ್ನೂ ತಾನೇ ನೋಡಿಕೊಳ್ಳುತ್ತೇನೆ ಎಂದ. “ಎಲ್ಲವನ್ನೂ ತಾನೇ” ಎಂಬ ಆ ಮಾತು ನಮಗೆ ಎಷ್ಟು ಹಿತವಾಗಿ ಕೇಳಿಸಿತ್ತು!

ಆಹಾರ ಸುರಕ್ಷತಾ ನೋಂದಣಿಯನ್ನೂ ಅವನೇ ಮಾಡಿಸಿದ, ಅದಕ್ಕೆ ಬೇರೆ 3,000 ರೂಪಾಯಿ. ನಮ್ಮಂಥ ಸಣ್ಣವರ ಮೂಲ ನೋಂದಣಿಗೆ ಆಗ ಇದ್ದ ಸರ್ಕಾರಿ ಶುಲ್ಕ ವರ್ಷಕ್ಕೆ 100 ರೂಪಾಯಿ ಎಂದು ತಿಳಿದದ್ದು ಬಹಳ ತಡವಾಗಿ. ಸಣ್ಣ ಉದ್ಯಮಗಳಿಗೆಂದು ಕೇಂದ್ರ ಸರ್ಕಾರ ಮಾಡಿರುವ ಉದ್ಯಮ್ ನೋಂದಣಿಗೆ 1,500 ತೆಗೆದುಕೊಂಡ. ಅದು ಪೂರ್ತಿ ಉಚಿತ. ಅರ್ಜಿ ತುಂಬಿಕೊಟ್ಟವನಿಗೆ ಕೂಲಿ ಕೊಡುವುದು ನ್ಯಾಯ, ಅದರ ಬಗ್ಗೆ ತಕರಾರಿಲ್ಲ. ಕೂಲಿಯನ್ನು ಸರ್ಕಾರಿ ಫೀಸು ಎಂದು ಹೇಳಿದ್ದಕ್ಕೆ ಇದೆ. ಆದರೆ ಇದು ಸಣ್ಣದು.

ದೊಡ್ಡದು ಇದು. ವೆಬ್‌ಸೈಟಿನ ಹೆಸರನ್ನು, ಅಂದರೆ ಡೊಮೈನನ್ನು, ಅವನು ತನ್ನ ಖಾತೆಯಲ್ಲಿ ತನ್ನ ಸಂಸ್ಥೆಯ ಹೆಸರಿಗೆ ನೋಂದಾಯಿಸಿಕೊಂಡಿದ್ದ. ಆ ಹೆಸರಿನ ಬಾಲ ಹಿಡಿದೇ ನಮಗೊಂದು ಇಮೇಲ್ ವಿಳಾಸ ಮಾಡಿಕೊಟ್ಟಿದ್ದ. ಗೂಗಲ್ ನಕ್ಷೆಯಲ್ಲಿ ನಮ್ಮ ಮನೆಯನ್ನು ಗುರುತು ಹಾಕಿದ್ದೂ ಅವನ ಖಾತೆಯಿಂದ. ಲೇಬಲ್ಲಿನ ಕ್ಯೂಆರ್ ಕೋಡ್ ಅದೇ ವೆಬ್‌ಸೈಟಿಗೆ ಹೋಗುತ್ತಿತ್ತು. ನಾನು ಕೇಳಿದ್ದೇನು? ಬಣ್ಣ ಹಸಿರಿರಲಿ, ಅಕ್ಷರ ದೊಡ್ಡದಿರಲಿ, ಅತ್ತೆಯವರ ಫೋಟೊ ಬೇಡ.

ಇಲ್ಲೊಂದು ಮಾತು ಹೇಳಲೇಬೇಕು. ನಮ್ಮ ಮಾವನ ಮನೆತನ ಶರಾವತಿ ಮುಳುಗಡೆಯದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಮನೆ, ಗದ್ದೆ, ತೋಟ ಎಲ್ಲ ನೀರಿನಡಿಗೆ ಹೋಗಿ, ಎತ್ತಿನ ಗಾಡಿಯಲ್ಲಿ ಭರಣಿ ಹೇರಿಕೊಂಡು ಈ ಊರಿಗೆ ಬಂದವರು. ಬಂದ ಮೇಲೆ ಉಳುತ್ತಿದ್ದ ಜಮೀನು ಯಾರ ಹೆಸರಿನಲ್ಲಿದೆ ಎಂಬ ಒಂದೇ ಪ್ರಶ್ನೆಯ ಹಿಂದೆ ತಾಲ್ಲೂಕು ಕಚೇರಿಗೆ ಅಲೆದು ಅಲೆದು ಚಪ್ಪಲಿ ಸವೆಸಿದವರು. ಮಾವನವರ ಕಬ್ಬಿಣದ ಟ್ರಂಕಿನಲ್ಲಿ ಅರ್ಜಿಯ ನಕಲು, ಹಿಂಬರಹ, ಪಹಣಿ ಇವೇ ತುಂಬಿವೆ. ಹಕ್ಕುಪತ್ರವಿಲ್ಲದ ನೆಲದಲ್ಲಿ ತೋಟ ಎಬ್ಬಿಸಿದರೆ ಏನಾಗುತ್ತದೆ ಎಂದು ಈ ಮನೆಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅಂಥ ಮನೆಯ ಸೊಸೆ ಮೂರು ವರ್ಷ ಇಂಟರ್ನೆಟ್ಟಿನಲ್ಲಿ ಬಗರ್ ಹುಕುಂ ಸಾಗುವಳಿ ಮಾಡಿದೆ.

ಮೊದಲ ವರ್ಷ ಸುಖವಾಗಿ ಹೋಯಿತು. ಬೆಂಗಳೂರು, ಹುಬ್ಬಳ್ಳಿ, ಪುಣೆಯಿಂದಲೂ ಆರ್ಡರ್ ಬಂತು. 2022ರಲ್ಲಿ ನವೀಕರಣಕ್ಕೆ 6,000 ಕೇಳಿದ, ಕೊಟ್ಟೆವು. 2023ರಲ್ಲಿ 9,500. ಯಾವುದಕ್ಕೆ ಎಷ್ಟು ಎಂದು ಕೇಳಿದ್ದಕ್ಕೆ “ಸರ್ವರ್ ಖರ್ಚು ಜಾಸ್ತಿಯಾಗಿದೆ” ಎಂದ. ಕೊಟ್ಟೆವು. ಅದೇ ಧೈರ್ಯದಲ್ಲಿ 4,000 ಹೊಸ ಲೇಬಲ್ ಮುದ್ರಿಸಿದೆವು. 2024ರ ಆಗಸ್ಟ್, ಮಖಾ ಮಳೆ ಹೊಯ್ಯುತ್ತಿತ್ತು, ಮೂರು ದಿನದಿಂದ ಕರೆಂಟಿರಲಿಲ್ಲ. ಮೊಬೈಲಿಗೆ ಜೀವ ಬಂದಾಗ ಅವನ ಸಂದೇಶ ಕಂಡಿತು: 24,000 ರೂಪಾಯಿ, ಐದು ದಿನದೊಳಗೆ, ಇಲ್ಲದಿದ್ದರೆ ಸೈಟ್ ನಿಲ್ಲುತ್ತದೆ.

ಅಕ್ಕನ ಮಗ ಎಂಜಿನಿಯರಿಂಗ್ ಓದುತ್ತಾನೆ. ಅವನು, ಇಂಥ ಹೆಸರುಗಳ ವ್ಯವಸ್ಥೆಯನ್ನು ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ಹುಡುಕು ಪುಟದಲ್ಲಿ ನಮ್ಮ ಡೊಮೈನಿನ ಹೆಸರು ಹಾಕಿ ನೋಡಿದ. ಅದನ್ನು ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ವ್ಯಕ್ತಿಯ ಹೆಸರು, ಫೋನು ಮುಚ್ಚಿರುತ್ತವೆ. ಸಂಸ್ಥೆ ಮತ್ತು ರಾಜ್ಯದ ಸಾಲು ಮಾತ್ರ ಕಾಣುತ್ತಿತ್ತು. ಸಂಸ್ಥೆ ಆ ಶಿವಮೊಗ್ಗದವನದು. “ಚಿಕ್ಕಮ್ಮಾ, ಈ ಹೆಸರಿಗೆ ವರ್ಷಕ್ಕೆ ಸಾವಿರದ ಆಸುಪಾಸು ಅಷ್ಟೆ. ಆದರೆ ಇದು ನಿಮ್ಮದೇ ಅಲ್ಲವಲ್ಲ” ಎಂದ ಹುಡುಗ. ಪಹಣಿಯ ಒಂಬತ್ತನೇ ಕಾಲಂನಲ್ಲಿ, ಮಾಲೀಕರ ಜಾಗದಲ್ಲಿ, ಬೇರೆಯವರ ಹೆಸರು ನೋಡಿದ ಹಾಗಾಯಿತು.

ಹೆಸರನ್ನು ನಮಗೆ ವರ್ಗಾಯಿಸು ಎಂದು ಶಿವಮೊಗ್ಗದವನನ್ನು ಕೇಳಿದೆವು. ವರ್ಗಾಯಿಸಲು ಒಂದು ಗುಪ್ತ ಸಂಕೇತ ಬೇಕು, ಅದನ್ನು ಖಾತೆದಾರನೇ ತೆಗೆದುಕೊಡಬೇಕು. “ಅದು ನಮ್ಮ ಕಂಪನಿಯ ನಿಯಮದಲ್ಲಿಲ್ಲ” ಎಂದ. 10,000 ಕೊಡುತ್ತೇವೆ, ಸಂಕೇತ ಕೊಡು ಎಂದೆವು. ಮಾತು ಅಲ್ಲಿಗೆ ನಿಂತಿತು. ನನ್ನ ಯಜಮಾನರಿಗೆ ಸಿಟ್ಟು ಬಂತು, “ಹೋದರೆ ಹೋಗಲಿ, ಅವನಿಲ್ಲದೆ ಉಪ್ಪಿನಕಾಯಿ ಹುಳಿಯಾಗುವುದಿಲ್ಲವೇ” ಎಂದರು. ನನಗೂ ಅದು ವೀರವಾಕ್ಯದಂತೆ ಕೇಳಿಸಿತು. ಈಗ ಲೆಕ್ಕ ಹಾಕಿದರೆ, ಬರವಣಿಗೆಯಲ್ಲಿ ಒಪ್ಪಂದ ಮಾಡಿಸಿಕೊಂಡು ಆ 24,000 ಬಿಸಾಕಿ ಹೆಸರು ಬಿಡಿಸಿಕೊಂಡಿದ್ದರೆ ಅಗ್ಗವಾಗುತ್ತಿತ್ತು. ಸಿಟ್ಟಿಗೂ ಒಂದು ದರವಿದೆ. ನಾವು ಅದನ್ನೂ ಕಟ್ಟಿದೆವು.

ವೆಬ್‌ಸೈಟ್ ನಿಂತ ದಿನವೇ ಇಮೇಲೂ ನಿಂತಿತು. ಇದನ್ನು ನಾವು ಯೋಚಿಸಿಯೇ ಇರಲಿಲ್ಲ. ಕೊರಿಯರ್ ಖಾತೆ, ಹಣ ಸ್ವೀಕರಿಸುವ ಖಾತೆ, ಆಹಾರ ನೋಂದಣಿಯ ಖಾತೆ ಎಲ್ಲಕ್ಕೂ ಕೊಟ್ಟಿದ್ದು ಅದೇ ಇಮೇಲ್. ಪಾಸ್‌ವರ್ಡ್ ಮರೆತಿದ್ದೇನೆ ಎಂದು ಒತ್ತಿದರೆ ಹೊಸದನ್ನು ಕಳಿಸುವುದು ಅದೇ ವಿಳಾಸಕ್ಕೆ, ಅದು ಸತ್ತುಹೋಗಿದೆ. ಕೀಲಿಕೈಯನ್ನು ಪೆಟ್ಟಿಗೆಯೊಳಗಿಟ್ಟು ಪೆಟ್ಟಿಗೆಗೆ ಬೀಗ ಜಡಿದಂತೆ. ಒಂದೊಂದು ಖಾತೆಯನ್ನು ಬಿಡಿಸಿಕೊಳ್ಳಲು ಆಧಾರ್, ಪಾಸ್‌ಬುಕ್ಕು ಹಿಡಿದು ಎರಡು ತಿಂಗಳು ಬೇಕಾಯಿತು. ಸತ್ತ ಹೆಸರನ್ನು ಯಾರೋ ಕೊಂಡರೆ ಆ ಪತ್ರಗಳೆಲ್ಲ ಅವರಿಗೆ ಹೋಗುವಂತೆ ಮಾಡಿಕೊಳ್ಳಬಹುದು ಎಂದು ಅಕ್ಕನ ಮಗ ಹೇಳಿದ ಮೇಲೆ ಎರಡು ರಾತ್ರಿ ನಿದ್ದೆಯಿಲ್ಲ.

ಅವನು ಹೆಸರನ್ನು ನವೀಕರಿಸಲಿಲ್ಲ. ಆದರೆ ಅವಧಿ ಮುಗಿದ ತಕ್ಷಣ ಹೆಸರು ಬಯಲಿಗೆ ಬೀಳುವುದಿಲ್ಲ. ಡಾಟ್ ಕಾಮ್ ಹೆಸರಾದರೆ ಮೊದಲು ಕೆಲವು ವಾರ ಹಳೆಯ ಖಾತೆದಾರ ಮಾಮೂಲು ದರದಲ್ಲಿ ನವೀಕರಿಸಬಹುದು, ಆಮೇಲೆ 30 ದಿನ ದಂಡ ಕಟ್ಟಿ ಬಿಡಿಸಿಕೊಳ್ಳಬಹುದು, ಆಮೇಲೆ 5 ದಿನ ಯಾರೂ ಮುಟ್ಟುವಂತಿಲ್ಲ, ಅನಂತರ ಸಿಕ್ಕಿದವರಿಗೆ ಸೀರುಂಡೆ. ನಾವು ಆ ದಿನಕ್ಕೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಕಾದೆವು. ಅಕ್ಕನ ಮಗ ಬೆಳಗಿನ ಜಾವ ಎದ್ದು ಕುಳಿತಿದ್ದ. ಆದರೆ ಹೀಗೆ ಉದುರುವ ಹೆಸರುಗಳನ್ನು ಹಿಡಿಯಲೆಂದೇ ಯಂತ್ರಗಳಿವೆಯಂತೆ. ನಮ್ಮ ಬೆರಳು ಗುಂಡಿ ಮುಟ್ಟುವ ಮೊದಲೇ ಹೋಗಿತ್ತು. ಮೂರು ವರ್ಷ ಜನ ಬಂದು ಹೋದ ಹೆಸರಿಗೆ ಅಂಥವರಲ್ಲಿ ಬೆಲೆ. ಆ ಜನರನ್ನು ಕರೆತಂದದ್ದು ಅತ್ತೆಯವರ ಮಿಡಿ.

ಪೊಲೀಸ್ ಠಾಣೆಗೆ ಹೋದೆವು. ಇದು ಸಿವಿಲ್ ವ್ಯಾಜ್ಯ ಎಂದರು. ವಕೀಲರು ಕೇಳಿದ ಮೊದಲ ಪ್ರಶ್ನೆ, “ಕಾಗದ ಏನಿದೆ?” ಫೋನ್‌ಪೇ ಸಂದಾಯದ ಸಾಲುಗಳು ಮತ್ತು ವಾಟ್ಸ್‌ಆ್ಯಪ್ ಮಾತುಕತೆ, ಅಷ್ಟೆ. ಇಸ್ಪೀಟಿನವರಿಂದ ಹೆಸರು ಬಿಡಿಸಿಕೊಳ್ಳಲು ಅಂತರರಾಷ್ಟ್ರೀಯ ಪಂಚಾಯಿತಿಯ ವ್ಯವಸ್ಥೆ ಇದೆ, ಆದರೆ ಆ ಹೆಸರು ನಮ್ಮ ಟ್ರೇಡ್‌ಮಾರ್ಕ್ ಎಂದು ಸಾಧಿಸಬೇಕು, ಜೊತೆಗೆ ವಿಶ್ವಸಂಸ್ಥೆಯ ಬೌದ್ಧಿಕ ಆಸ್ತಿ ವಿಭಾಗವಾದ ವೈಪೊ ಸಂಸ್ಥೆಯಲ್ಲಿ ಒಬ್ಬ ಪಂಚನ ಮುಂದೆ ದೂರಿಡಲು 1,500 ಡಾಲರ್ ಶುಲ್ಕ ಎಂದು ವಿವರಿಸಿದರು. ಲಕ್ಷದ ಮೇಲಾಯಿತು. ಟ್ರೇಡ್‌ಮಾರ್ಕನ್ನಾದರೂ ಮಾಡಿಸಿದ್ದೆವೇ? ಇಲ್ಲ. ಸಣ್ಣ ಉದ್ಯಮಕ್ಕೆ ಆನ್‌ಲೈನಿನಲ್ಲಿ ಸರಕಿನ ಒಂದು ವರ್ಗಕ್ಕೆ 4,500 ರೂಪಾಯಿ. ಉಪ್ಪಿನಕಾಯಿ ಬರುವುದು 29ನೇ ವರ್ಗದಲ್ಲಿ. ಈಗ ಅರ್ಜಿ ಹಾಕಿದ್ದೇವೆ. ಊರು ಸೂರೆಹೋದ ಮೇಲೆ ಕೋಟೆ ಬಾಗಿಲು ಹಾಕಿದ್ದು.

ಗೂಗಲ್ ನಕ್ಷೆಯ ಗುರುತು ಮಾತ್ರ ವಾಪಸು ಬಂತು, ಅದರ ಕಥೆಯೇ ಬೇರೆ. ಮಾಲೀಕತ್ವ ಕೊಡಿ ಎಂದು ಅರ್ಜಿ ಹಾಕಿದರೆ ಹಳೆಯವನಿಗೆ ಉತ್ತರಿಸಲು ಮೂರು ದಿನ ಕೊಡುತ್ತಾರೆ. ಅವನು ಉತ್ತರಿಸಲಿಲ್ಲ. ಆಮೇಲೆ ನಮ್ಮ ವ್ಯಾಪಾರ ನಮ್ಮದೇ ಎಂದು ವಿಡಿಯೊ ತೆಗೆದು ತೋರಿಸಬೇಕು, ಮಧ್ಯೆ ಎಲ್ಲೂ ಕತ್ತರಿಸುವಂತಿಲ್ಲ. ರಸ್ತೆಯ ಫಲಕ ತೋರಿಸಿ, ಅಂಗಡಿಯ ಬೋರ್ಡು ತೋರಿಸಿ ಎಂಬುದು ಬೇಡಿಕೆ. ನಮ್ಮ ರಸ್ತೆ ಎಂದರೆ ಅಡಿಕೆ ತೋಟದ ಅಂಚು. ಅದಕ್ಕೆ ಯಾವ ಫಲಕ? ಹಾಲಿನ ಡೇರಿಯ ಬೋರ್ಡಿನಿಂದ ಹೊರಟು, ಸಂಕ ದಾಟಿ, ಅಂಗಳ ಹೊಕ್ಕು, ಕೀಲಿ ತೆಗೆದು, ಭರಣಿಗಳ ಕೋಣೆಯವರೆಗೆ ನಡೆದು ತೋರಿಸಿದೆ. ನಾಯಿ ಉದ್ದಕ್ಕೂ ಬೊಗಳಿದ್ದು ಅದರಲ್ಲಿದೆ. ವಿಡಿಯೊ ಕಳಿಸಲು ಮತ್ತೆ ಗುಡ್ಡ ಹತ್ತಿದೆ. ಎರಡನೇ ಸಲಕ್ಕೆ ಒಪ್ಪಿದರು.

ಹೊಸ ಹೆಸರನ್ನು ನಾನೇ ಕೊಂಡೆ, ಡಾಟ್ ಇನ್. ಖಾತೆ ನನ್ನದು, ಒಟಿಪಿ ಬರುವ ಫೋನ್ ನನ್ನದು, ಖಾತೆಯ ಇಮೇಲ್ ಈ ಡೊಮೈನಿಗೆ ಸಂಬಂಧವೇ ಇಲ್ಲದ ನನ್ನ ಹಳೆಯ ಜಿಮೇಲ್. ಐದು ವರ್ಷಕ್ಕೆ ಒಟ್ಟಿಗೆ ಕಟ್ಟಿದೆ. ಅವನು ಕೇಳಿದ್ದರ ಕಾಲು ಭಾಗವೂ ಆಗಲಿಲ್ಲ. ವೆಬ್‌ಸೈಟ್ ಮಾಡಲು ಈಗಲೂ ಬೇರೊಬ್ಬರು ಬರುತ್ತಾರೆ, ಅವರಿಗೆ ಒಳಗೆ ಬರಲು ಬೇರೆ ಪಾಸ್‌ವರ್ಡ್ ಕೊಟ್ಟಿದ್ದೇನೆ. ಅಡಿಕೆ ಕೊನೆ ಕೊಯ್ಯಲು ಬಂದವರಿಗೆ ತೋಟ ಬರೆದುಕೊಡುತ್ತೇವೆಯೇ? ರಸೀದಿಯನ್ನು ಪ್ರಿಂಟ್ ಮಾಡಿಸಿದಾಗ ಮಾವನವರು ಕನ್ನಡಕ ಹಾಕಿಕೊಂಡು, ಇಂಗ್ಲಿಷಿನ ಆ ಹಾಳೆಯಲ್ಲಿ ನನ್ನ ಹೆಸರು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲು ಹೇಳಿದರು. ತೋರಿಸಿದೆ. ಟ್ರಂಕಿನಲ್ಲಿ ಪಹಣಿಯ ಮೇಲೆ ಇಟ್ಟರು.

ಹಳೆಯ ಲೇಬಲ್ 2,600 ಉಳಿದಿದ್ದವು. ಮುದ್ರಿಸಿದ ಚೌಕವನ್ನು ಬದಲಾಯಿಸಲು ಬರುವುದಿಲ್ಲ. ರಾತ್ರಿ ಊಟವಾದ ಮೇಲೆ ಮನೆಯವರೆಲ್ಲ ಕುಳಿತು ಅದರ ಮೇಲೆ ಹೊಸ ಚೀಟಿ ಅಂಟಿಸಿದೆವು, ಕೆಳಗೆ ಫೋನ್ ನಂಬರನ್ನು ದೊಡ್ಡದಾಗಿ ಬರೆಸಿದೆವು. ಅತ್ತೆಯವರು ಅಂಟಿಸುತ್ತಾ, “ಭರಣಿಯ ಬಾಯಿಗೆ ಬಟ್ಟೆ ಕಟ್ಟಿದ್ದು ನಾನು. ಗಂಟು ಅವನ ಕೈಗೆ ಯಾಕೆ ಕೊಟ್ಟಿರಿ?” ಎಂದು ಕೇಳಿದರು. ಯಾರೂ ಉತ್ತರ ಕೊಡಲಿಲ್ಲ. ಮಾರಿಹೋದ 1,400 ಬಾಟಲಿಗಳಿಗೆ ಏನೂ ಮಾಡುವಂತಿಲ್ಲ. ಅವು ಯಾರ ಯಾರ ಅಡುಗೆಮನೆಯಲ್ಲಿವೆಯೋ. ನಿಮ್ಮಲ್ಲಿ ಹಸಿರು ಲೇಬಲ್ಲಿನ, ಭರಣಿ ಚಿತ್ರದ ಅಂಥ ಬಾಟಲಿಯಿದ್ದರೆ ಆ ಚೌಕಕ್ಕೆ ಮೊಬೈಲ್ ಹಿಡಿಯಬೇಡಿ. ಲೇಬಲ್ ನೀರಿನಲ್ಲಿ ನೆನೆಸಿದರೆ ಸಲೀಸಾಗಿ ಬರುತ್ತದೆ. ಬಾಟಲಿ ಗಟ್ಟಿಯಿದೆ, ಉಪ್ಪು ತುಂಬಿಡಲು ಆಗುತ್ತದೆ.